ಶ್ರೀರಂಗಪಟ್ಟಣದ ಸುತ್ತ ನಡೆಯುವುದು ಹೇಗೆ: ಹೊಳೆ ದಂಡೆ, ನಾಲೆ ಏರಿ, ಗದ್ದೆ ದಾರಿ

ನಾಳೆ ಶ್ರೀರಂಗಪಟ್ಟಣದ ಸುತ್ತ ನಡೆಯಲು ಹೊರಡುವವರು ಇವತ್ತೇ ಕೆಆರ್‌ಎಸ್ ಅಣೆಕಟ್ಟೆಯ ಹೊರಹರಿವು ನೋಡಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಹಾಕುತ್ತವೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಊರು ಕಾವೇರಿಯ ಎರಡು ಕವಲುಗಳ ನಡುವೆ ಕೂತ ದ್ವೀಪ. ಕಟ್ಟೆ ಇರುವುದು ಹೊಳೆಯ ಮೇಲುಗಡೆ, ತೀರಾ ಹತ್ತಿರದಲ್ಲಿ. ಅಲ್ಲಿ ಗೇಟು ಎತ್ತಿದರೆ ಕೆಲವೇ ಗಂಟೆಗಳಲ್ಲಿ ಇಲ್ಲಿನ ಬಂಡೆಗಳು ಮುಳುಗುತ್ತವೆ. ತಲೆಯ ಮೇಲೆ ಒಂದು ಮೋಡವೂ ಇಲ್ಲದ ದಿನ ಹೊಳೆ ಏರಬಹುದು, ಏಕೆಂದರೆ ಮಳೆ ಬಿದ್ದಿರುವುದು ಕೊಡಗಿನಲ್ಲಿ. ಮೊಬೈಲಿನಲ್ಲಿ ಮೈಸೂರಿನ ಹವಾಮಾನ ನೋಡಿ ಹೊರಟವರು ಎಡವುವುದು ಇಲ್ಲೇ.

ಆ ಅಂಕಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹೆಚ್ಚುಕಡಿಮೆ 28 ಲೀಟರ್. ಹೊರಹರಿವು ಎಂದು ಒಂದೇ ಅಂಕಿ ಕೊಟ್ಟಿದ್ದರೆ ಅದರಲ್ಲಿ ನಾಲೆಗಳ ಪಾಲೂ ಸೇರಿರಬಹುದು. ಬೆಳೆಗೆ ನೀರು ಬಿಟ್ಟಿರುವ ತಿಂಗಳುಗಳಲ್ಲಿ ದೊಡ್ಡ ಪಾಲು ವಿಶ್ವೇಶ್ವರಯ್ಯ ನಾಲೆಗೆ ಹೋಗುತ್ತದೆ, ಹೊಳೆಗೆ ಬರುವುದು ಉಳಿದದ್ದು. ಹಾಗಾಗಿ ನದಿಗೆ ಎಷ್ಟು, ನಾಲೆಗೆ ಎಷ್ಟು ಎಂದು ಬಿಡಿಸಿ ಬರೆದಿರುವ ಸುದ್ದಿಯನ್ನೇ ಹುಡುಕಿ. ನಾವು ಪಾಲಿಸುವ ಲೆಕ್ಕ ಇದು, ಎಚ್ಚರಿಕೆಯ ಕಡೆಗೇ ವಾಲಿದ್ದು: ಹೊಳೆಗೆ ಎರಡು ಸಾವಿರದೊಳಗೆ ಇದ್ದರೆ ದಂಡೆಯ ಕಾಲುದಾರಿಗಳಲ್ಲಿ ನಡೆಯಬಹುದು. ಐದು ಸಾವಿರ ದಾಟಿದರೆ ನೀರಿನಂಚು ಬಿಟ್ಟು ಮೇಲಿನ ದಾರಿ ಹಿಡಿಯಬೇಕು. ಇಪ್ಪತ್ತು ಸಾವಿರದ ಹತ್ತಿರ ಹೋದರೆ ದಂಡೆಯ ನಡಿಗೆ ಬಿಟ್ಟು ಕೋಟೆಯೊಳಗೆ ಅಥವಾ ಕರೀಘಟ್ಟಕ್ಕೆ ಹೋಗಿ. ಲಕ್ಷ ದಾಟಿದ ವರ್ಷಗಳಲ್ಲಿ ಸ್ನಾನಘಟ್ಟಗಳೇ ಮುಳುಗುತ್ತವೆ, ಸೇತುವೆಗಳ ಹತ್ತಿರವೂ ಪೊಲೀಸರು ಬಿಡುವುದಿಲ್ಲ. ಎರಡು ದಿನದ ಅಂಕಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ಏರುತ್ತಿರುವ ಮೂರು ಸಾವಿರ, ಇಳಿಯುತ್ತಿರುವ ಆರು ಸಾವಿರಕ್ಕಿಂತ ಅಪಾಯ.

ಇನ್ನು ಕಾಲ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಉತ್ತಮ. ಬೆಳಿಗ್ಗೆ ಹೊಳೆಯ ಮೇಲೆ ಮಂಜು, ಗದ್ದೆಯಲ್ಲಿ ಕೊಯ್ಲು, ಬದುಗಳು ಒಣಗಿ ಗಟ್ಟಿಯಾಗಿರುತ್ತವೆ. ಜುಲೈ ಆಗಸ್ಟಿನಲ್ಲಿ ನಾಟಿ. ನೋಡಲು ಅದಕ್ಕಿಂತ ಚೆಂದದ ಕಾಲ ಇಲ್ಲ, ಗದ್ದೆಯ ಒಳಗೆ ನಡೆಯಲು ಅದಕ್ಕಿಂತ ಕೆಟ್ಟ ಕಾಲವೂ ಇಲ್ಲ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಹತ್ತರೊಳಗೆ ನಡಿಗೆ ಮುಗಿದಿರಬೇಕು. ಆ ತಿಂಗಳುಗಳ ಲಾಭ ಎಂದರೆ ನೀರು ಇಳಿದು ಹೊಳೆಯ ತಳದ ಬಂಡೆಗಳು ಕಾಣುವುದು, ರಂಗನತಿಟ್ಟಿನಲ್ಲಿ ಗೂಡುಗಳು ತುಂಬಿರುವುದು.

ಯಾರ ದಾರಿ, ಯಾವ ದಾರಿ

ಇಂಗ್ಲೆಂಡಿನ ಹಳೆಯ ಸಂತೆಪೇಟೆಗಳ ಸುತ್ತ ನಡೆದುಬಂದವರು ಅಲ್ಲಿನ ಕಾಲುದಾರಿಗಳನ್ನು ಹೊಗಳುವುದುಂಟು. ಅಲ್ಲಿ ರೈತನ ಹೊಲದ ನಡುವೆ ಹೋಗುವ ದಾರಿಗೂ ಕಾನೂನಿನ ಹಕ್ಕಿದೆ. 1949ರ ಕಾಯಿದೆಯಂತೆ ಅವನ್ನು ಸರ್ಕಾರಿ ನಕ್ಷೆಯಲ್ಲಿ ದಾಖಲಿಸಿದ್ದಾರೆ, ಬೇಲಿ ಬಂದ ಕಡೆ ಹತ್ತಿ ಇಳಿಯಲು ಮೆಟ್ಟಿಲಿರುತ್ತದೆ, ದಾರಿ ಕವಲೊಡೆದ ಕಡೆ ಕೈಕಂಬ ಇರುತ್ತದೆ. ನಮ್ಮಲ್ಲಿ ಕೈಕಂಬ ಇಲ್ಲ, ಆದರೆ ದಾರಿ ಇದೆ, ಅದಕ್ಕೆ ದಾಖಲೆಯೂ ಇದೆ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಕಾಲುದಾರಿಯನ್ನು ಒಂಟಿ ಚುಕ್ಕೆ ಗೆರೆಯಲ್ಲೂ ಬಂಡಿದಾರಿಯನ್ನು ಜೋಡಿ ಚುಕ್ಕೆ ಗೆರೆಯಲ್ಲೂ ತೋರಿಸಿರುತ್ತಾರೆ. ಊರಿನ ಹೆಸರು ಕೊಟ್ಟರೆ ಆ ನಕ್ಷೆ ಆನ್‌ಲೈನಿನಲ್ಲೇ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ಯಾವುದು, ಸರ್ಕಾರಿ ಜಾಗವೋ ಹಿಡುವಳಿಯೋ ಎಂಬುದು ತಿಳಿಯುತ್ತದೆ. ಎರಡನ್ನೂ ಹೊಂದಿಸಿ ನೋಡಿದರೆ ನಡೆಯಬಹುದಾದ ಗೆರೆ ಸ್ಪಷ್ಟವಾಗುತ್ತದೆ. ಒಂದು ತೊಡಕು: ನಕ್ಷೆಯಲ್ಲಿರುವ ಎಷ್ಟೋ ಬಂಡಿದಾರಿಗಳನ್ನು ಒತ್ತಿನ ಹೊಲದವರು ಉತ್ತು ಸೇರಿಸಿಕೊಂಡಿರುತ್ತಾರೆ. ನಕ್ಷೆ ಹಿಡಿದು ಅಲ್ಲಿ ವಾದಕ್ಕೆ ನಿಲ್ಲಬೇಡಿ, ಬಳಸಿ ಹೋಗಿ.

ಮೂರು ಬಗೆಯ ದಾರಿಗಳು ನಿಮಗೆ ಸಿಗುತ್ತವೆ. ಮೊದಲನೆಯದು ಊರುಗಳ ನಡುವಿನ ಟಾರು ರಸ್ತೆ. ಎರಡನೆಯದು ನಾಲೆಯ ಏರಿ, ಅಂದರೆ ನೀರಾವರಿಯವರು ತಮ್ಮ ಜೀಪು ಓಡಾಡಲು ಇಟ್ಟುಕೊಂಡ ಮಣ್ಣಿನ ದಾರಿ. ಏರಿಯ ಮೇಲೆ ಹಳ್ಳಿಯವರು ಎತ್ತು, ಬೈಕು, ಟ್ರ್ಯಾಕ್ಟರ್ ಎಲ್ಲ ಹೊಡೆಯುತ್ತಾರೆ, ನಡೆದರೆ ಯಾರೂ ಬೇಡವೆನ್ನುವುದಿಲ್ಲ. ಮೂರನೆಯದು ಗದ್ದೆಯ ಬದು. ಅದು ದಾರಿಯಲ್ಲ, ಒಬ್ಬರ ಜಮೀನಿನ ಅಂಚು ಎಂಬುದು ನೆನಪಿರಲಿ. ಟಾರಿನ ಮೇಲೆ ಗಂಟೆಗೆ ನಾಲ್ಕು ಕಿಲೋಮೀಟರ್, ಏರಿಯ ಮೇಲೆ ಮೂರು, ಬದುವಿನ ಮೇಲೆ ಎರಡು ಎಂದು ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಮೊಬೈಲಿನ ನಕ್ಷೆ ಹೇಳುವ ಹೊತ್ತು ಎಲ್ಲವನ್ನೂ ಟಾರು ಎಂದೇ ಹಿಡಿದಿರುತ್ತದೆ.

ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಕಾಲ್ನಡಿಗೆಯಲ್ಲಿ ದಾಟುವ ಯೋಚನೆ ಮಾಡಬೇಡಿ. ಬೈಕು, ಆಟೋಗಳನ್ನೇ 2023ರ ಆಗಸ್ಟಿನಿಂದ ಅದರ ಮೇಲೆ ಬಿಡುತ್ತಿಲ್ಲ. ಕೆಳಸೇತುವೆ ಎಲ್ಲಿದೆ ಎಂದು ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಬೇಲಿ ಹತ್ತಿರ ಬಂದ ಮೇಲೆ ಹುಡುಕಿದರೆ ಒಂದೊಂದು ಸಲ ಎರಡು ಕಿಲೋಮೀಟರ್ ಸುತ್ತು ಬೀಳುತ್ತದೆ.

ದಾರಿ ಕೇಳುವಾಗ ‘ಹೋಗ್ಬಹುದಾ?’ ಎಂದು ಕೇಳಬೇಡಿ. ಬಂದವರನ್ನು ಬೇಡವೆನ್ನಬಾರದು ಎಂಬ ಮರ್ಯಾದೆಗೆ ‘ಹೋಗಿ ಹೋಗಿ’ ಎಂದೇ ಹೇಳುತ್ತಾರೆ. ‘ಅಣ್ಣ, ಈ ಏರಿ ಹಿಡ್ಕೊಂಡು ಹೋದ್ರೆ ಎಲ್ಲಿಗೆ ಸಿಕ್ತದೆ? ಮುಂದೆ ನೀರು ದಾಟ್‌ಬೇಕಾ?’ ಎಂದು ಕೇಳಿ. ಎರಡನೇ ಪ್ರಶ್ನೆ ಮುಖ್ಯ. ಯಜಮಾನರೊಬ್ಬರು ‘ಇಲ್ಲೇ, ಕೂಗಳತೆ’ ಎಂದರೆ ಅರ್ಧ ಗಂಟೆ ಎಂದು ತಿಳಿದುಕೊಳ್ಳಿ. ನಾಲೆ, ತೂಬು, ಯಾವ ಗದ್ದೆಗೆ ಯಾವತ್ತು ನೀರು ಎಂಬುದೆಲ್ಲ ನೀರು ಬಿಡುವ ಕೆಲಸದ ನೀರುಗಂಟಿಗೆ ಗೊತ್ತಿರುತ್ತದೆ. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಏರಿಯ ಮೇಲೆ ನಡೆಯುವವರು ಸಿಕ್ಕರೆ ಬಿಡಬೇಡಿ, ಮಾತಾಡಿಸಿ.

ಜೊತೆಗೆ ಏನಿರಬೇಕು

ಹೆಚ್ಚೇನೂ ಬೇಡ. ಹಿಂಬದಿ ಮುಚ್ಚಿರುವ, ತಳದಲ್ಲಿ ಒಳ್ಳೆ ಹಿಡಿತ ಇರುವ ಶೂ. ಚಪ್ಪಲಿಯಲ್ಲಿ ಏರಿ ನಡೆಯಬಹುದು, ಹಾವಿನ ಕಾಲದಲ್ಲಿ ನಡೆಯಬಾರದು. ಉದ್ದ ಪ್ಯಾಂಟು, ಅದರ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಉತ್ತರಾಣಿ ಬೀಜ ಅಂಟುವುದೂ ತಪ್ಪುತ್ತದೆ, ಉಣ್ಣಿ ಹತ್ತುವುದೂ ಕಡಿಮೆ. ಎದೆಮಟ್ಟದ ಒಂದು ಕೋಲು: ಮುಂದಿನ ಹುಲ್ಲು ತಟ್ಟಲು, ಕೆಸರಿನ ಆಳ ನೋಡಲು, ನಾಯಿ ಬಂದರೆ ನೆಲಕ್ಕೆ ಕುಟ್ಟಲು. ನೀರು ಚಳಿಗಾಲದಲ್ಲಿ ಗಂಟೆಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ಒಯ್ಯಿರಿ. ಹೊಳೆಯ ನೀರಾಗಲಿ ನಾಲೆಯ ನೀರಾಗಲಿ ಕುಡಿಯುವಂಥದ್ದಲ್ಲ. ಎಳನೀರು ಎಲ್ಲಾದರೂ ಸಿಕ್ಕೇ ಸಿಗುತ್ತದೆ, ಆದರೆ ಅದನ್ನೇ ನಂಬಿ ಹೊರಡಬೇಡಿ. ಒಂದು ಸೀಟಿ, ಟಾರ್ಚು, ಚಿಲ್ಲರೆ ಹಣ. ಏರಿಗಳ ಇಕ್ಕೆಲದಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿರುತ್ತದೆ. ಉಬ್ಬಸ ಅಥವಾ ಚರ್ಮದ ಅಲರ್ಜಿ ಇರುವವರು ತುಂಬುತೋಳಿನ ಅಂಗಿ, ಮಾಸ್ಕು ಎರಡನ್ನೂ ಹಾಕಿಕೊಳ್ಳಬೇಕು. ಅದು ಹೂಬಿಟ್ಟಿರುವಾಗ ಕೋಲಿನಿಂದ ಬಡಿಯುತ್ತಾ ಹೋದರೆ ಪರಾಗವೆಲ್ಲ ಮುಖಕ್ಕೇ ಬರುತ್ತದೆ.

ಮೊದಲ ನಡಿಗೆ: ಕೋಟೆಯ ಒಳಗೆ, ಎರಡು ಗಂಟೆ

ಮೈಸೂರಿನಿಂದ ರೈಲಿನಲ್ಲಿ ಬನ್ನಿ. ನಿಲ್ದಾಣ ಕೋಟೆಯ ಒಳಗೇ ಇದೆ, ಇಳಿದ ಕೂಡಲೇ ನಡಿಗೆ ಶುರು. ಎಕ್ಸ್‌ಪ್ರೆಸ್‌ಗಳೆಲ್ಲ ಇಲ್ಲಿ ನಿಲ್ಲುವುದಿಲ್ಲ, ಮೆಮು ಮತ್ತು ಪ್ಯಾಸೆಂಜರ್ ಹೊತ್ತು ನೋಡಿಕೊಳ್ಳಿ. ಬಸ್ಸಾದರೆ ಮೈಸೂರಿನ ಸಿಟಿ ಬಸ್ ನಿಲ್ದಾಣದಿಂದ ಸಿಗುತ್ತದೆ.

ರಂಗನಾಥಸ್ವಾಮಿ ದೇವಸ್ಥಾನದಿಂದ ಆರಂಭಿಸಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಆದ್ದರಿಂದ ದರ್ಶನ ಮೊದಲು, ನಡಿಗೆ ಆಮೇಲೆ. ವೈಕುಂಠ ಏಕಾದಶಿ, ರಥಸಪ್ತಮಿ ದಿನಗಳಲ್ಲಿ ಕೋಟೆಯೊಳಗೆ ನಡೆಯುವುದಿರಲಿ, ನಿಲ್ಲಲೂ ಜಾಗ ಇರುವುದಿಲ್ಲ. ದೇವಸ್ಥಾನ ಬಿಟ್ಟು ಪಶ್ಚಿಮದ ಮೂಲೆಗೆ ಹೋದರೆ 1799ರ ಮುತ್ತಿಗೆಯಲ್ಲಿ ಬ್ರಿಟಿಷರ ಫಿರಂಗಿ ಒಡೆದ, ಮೇ 4ರಂದು ಅವರ ಸೈನಿಕರು ನುಗ್ಗಿದ ಗೋಡೆಯ ಭಾಗ ಸಿಗುತ್ತದೆ. ಹೊಳೆಯನ್ನು ಅಲ್ಲಿಂದ ಒಮ್ಮೆ ನೋಡಿ. ಮೇ ಮೊದಲ ವಾರ ಎಂದರೆ ಕಾವೇರಿ ಬತ್ತಿರುವ ಕಾಲ, ಸೈನಿಕರು ಹೊಳೆಯ ಪಾತ್ರದಲ್ಲಿ ಕಾಲಿಟ್ಟು ದಾಟಿ ಬಂದರು. ಮುಂಗಾರು ಹಿಡಿದು ಹೊಳೆ ತುಂಬಿದ್ದರೆ ಮುತ್ತಿಗೆ ಹಾಕಿದವರೇ ಸಿಕ್ಕಿಬೀಳುತ್ತಿದ್ದರು. ಕೋಟೆಯ ನಿಜವಾದ ಕಂದಕ ಹೊಳೆಯೇ ಎಂಬುದು ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಅಲ್ಲಿಂದ ಉತ್ತರದ ಗೋಡೆಗುಂಟ ಪೂರ್ವಕ್ಕೆ ಬನ್ನಿ. ನೀರುಬಾಗಿಲು, ಅದರ ಹತ್ತಿರ ಟಿಪ್ಪುವಿನ ದೇಹ ಸಿಕ್ಕ ಜಾಗ, ಬೈಲಿ ಸೆರೆಮನೆ ಎಲ್ಲ ಈ ಕಡೆಯೇ ಇವೆ. ಸೆರೆಮನೆಯ ಕಮಾನುಗಳು ನೆಲಮಟ್ಟಕ್ಕಿಂತ ಕೆಳಗಿವೆ, ಮೆಟ್ಟಿಲಿನಲ್ಲಿ ಎಚ್ಚರ. ಕೊನೆಗೆ ಜಾಮಿಯಾ ಮಸೀದಿ, ಬೆಂಗಳೂರು ಬಾಗಿಲು. ಗೋಡೆಯ ಮೇಲೆ ಹತ್ತಿ ನಡೆಯುವ ಆಸೆ ಎಲ್ಲರಿಗೂ ಆಗುತ್ತದೆ, ಬೇಡ. ಇಟ್ಟಿಗೆಯ ಸಂದಿಗಳಲ್ಲಿ ಬೇರು ಬಿಟ್ಟ ಆಲ, ಅರಳಿ ಕಲ್ಲುಗಳನ್ನು ಸಡಿಲಿಸಿವೆ, ಹುಲ್ಲು ಮುಚ್ಚಿದ ಬಿರುಕುಗಳು ಕಾಣುವುದಿಲ್ಲ. ಕಮಾನು, ದೊಡ್ಡ ಮರ, ಸೇತುವೆಗಳ ಅಡಿಯಲ್ಲಿ ಹೆಜ್ಜೇನಿದೆಯೇ ಎಂದು ತಲೆಯೆತ್ತಿ ನೋಡಿ. ಇದ್ದರೆ ಸದ್ದಿಲ್ಲದೆ ದೂರ ಸರಿಯಿರಿ. ಗಾಢ ಸೆಂಟು, ಹೊಗೆ, ಕಲ್ಲು ಇವು ಮೂರೂ ಹೆಜ್ಜೇನಿಗೆ ಆಗುವುದಿಲ್ಲ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆ ಅಥವಾ ಕಾರಿನೊಳಗೆ ಸೇರಿಕೊಳ್ಳಿ. ನೀರಿಗೆ ಧುಮುಕಬೇಡಿ. ಅವು ಮೇಲೆಯೇ ಕಾಯುತ್ತವೆ, ಮೇಲಾಗಿ ಇದು ಮೊಸಳೆ ಇರುವ ಹೊಳೆ.

ಉತ್ತರ ಕವಲಿನ ಮೇಲಿನ ವೆಲ್ಲೆಸ್ಲಿ ಸೇತುವೆಯನ್ನು ನೋಡದೆ ಹೋಗಬೇಡಿ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿದ್ದು, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು. ಕಲ್ಲಿನ ಕಂಬಗಳನ್ನು ಹೊಳೆಯ ತಳದ ಬಂಡೆಗೇ ನಿಲ್ಲಿಸಿ ಮೇಲೆ ಕಲ್ಲಿನ ತೊಲೆ ಹಾಸಿದ್ದಾರೆ. ನೀರು ಕಡಿಮೆ ಇರುವಾಗ ದಂಡೆಯಿಂದ ನೋಡಿದರೆ ಕಂಬಗಳ ಸಾಲು ಪೂರ್ತಿ ಕಾಣುತ್ತದೆ. ಬೆಳಗಿನ ಬೆಳಕು ಇದಕ್ಕೆ ಸರಿ.

ಎರಡನೇ ನಡಿಗೆ: ದ್ವೀಪದ ಉದ್ದಕ್ಕೆ, ಸಂಗಮದವರೆಗೆ

ಕೋಟೆಯಿಂದ ಸಂಗಮಕ್ಕೆ ನೇರವಾಗಿ ಐದು ಕಿಲೋಮೀಟರ್ ಆಸುಪಾಸು. ಅಲ್ಲಿಲ್ಲಿ ಹೊಕ್ಕು ಬಂದರೆ ಏಳಾಗುತ್ತದೆ. ನಾಲ್ಕು ಗಂಟೆ ಇಟ್ಟುಕೊಳ್ಳಿ. ಹೋಗುವುದು ನಡೆದು, ಬರುವುದು ಆಟೋ ಅಥವಾ ಟಾಂಗಾದಲ್ಲಿ. ತಿರುಗಿ ಅದೇ ರಸ್ತೆಯಲ್ಲಿ ನಡೆದು ಬರುವುದರಲ್ಲಿ ಸುಖವಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ಗಾಡಿಗಳ ಕಾಟ ಶುರುವಾಗುವುದರೊಳಗೆ ಅರ್ಧ ದಾರಿ ಸಾಗಿರುತ್ತದೆ. ದರಿಯಾ ದೌಲತ್ ತೆರೆಯುವುದು ಒಂಬತ್ತಕ್ಕೆ. ಅದನ್ನು ಕಾಯುವ ಬದಲು ಮುಂದೆ ಹೋಗಿ, ಆಟೋದಲ್ಲಿ ಹಿಂದಿರುಗುವಾಗ ಇಳಿದು ನೋಡಿ. 1784ರ ಆ ಅರಮನೆಯ ಪಶ್ಚಿಮ ಗೋಡೆಯ ಯುದ್ಧದ ಚಿತ್ರಕ್ಕೆ ಒಂದು ಗಂಟೆ ಬೇಕು, ನಡೆಯುವ ಅವಸರದಲ್ಲಿ ಅದಾಗುವುದಿಲ್ಲ.

ದ್ವೀಪದ ಗದ್ದೆಗಳಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಈ ದಾರಿಯಲ್ಲಿ ಏಳಬೇಕು. ಸುತ್ತ ಹೊಳೆ ಇದ್ದರೂ ಅದು ತಗ್ಗಿನಲ್ಲಿದೆ. ಅದಕ್ಕೆ ಉತ್ತರವೇ ಬಂಗಾರದೊಡ್ಡಿ ನಾಲೆ. ಕಂಠೀರವ ನರಸರಾಜ ಒಡೆಯರ ಕಾಲದ್ದು. ಹೊಳೆಗೆ ಮೇಲುಗಡೆ ಒಡ್ಡು ಕಟ್ಟಿ ನೀರನ್ನು ಎತ್ತರದಲ್ಲೇ ಹಿಡಿದು, ಕವಲಿನ ಮೇಲೆ ಮೇಲ್ಗಾಲುವೆ ಮಾಡಿ ದ್ವೀಪಕ್ಕೆ ದಾಟಿಸಿದ್ದಾರೆ. ಹೊಳೆಯ ಮೇಲೆ ಹೊಳೆಯ ನೀರೇ ಹರಿದು ಬರುತ್ತದೆ. ಈ ನಾಲೆ ಕಂಡ ಕಡೆಯೆಲ್ಲ ಅದರ ಬದಿಯ ದಾರಿಗೆ ಇಳಿಯಿರಿ. ಟಾರಿಗಿಂತ ತಂಪು, ಹೊಂಗೆ ತೆಂಗುಗಳ ನೆರಳು ಇರುತ್ತದೆ.

ಗಂಜಾಂ ದಾಟುವಾಗ ನಿಮಿಷಾಂಬ ದೇವಸ್ಥಾನದ ಕಡೆ ತಿರುಗಿ. ಅಮಾವಾಸ್ಯೆ, ಭಾನುವಾರ ಆ ರಸ್ತೆಯಲ್ಲಿ ಕಾಲಿಡಲಾಗದು. ವಾರದ ನಡುವೆ ಬೆಳಿಗ್ಗೆ ಹೋದರೆ ಸೋಪಾನದ ಮೇಲೆ ಕೂತು ಎದುರು ದಂಡೆಯ ಕರೀಘಟ್ಟವನ್ನು ನೋಡಬಹುದು. ಸೋಪಾನದ ಕೊನೆಯ ಎರಡು ಮೂರು ಮೆಟ್ಟಿಲು ನೀರಿನಡಿ ಇರುತ್ತವೆ, ಪಾಚಿ ಕಟ್ಟಿರುತ್ತದೆ. ಜಾರಿ ಬೀಳುವವರು ಬೀಳುವುದು ಒಣ ಮೆಟ್ಟಿಲಿನಿಂದ ಒದ್ದೆ ಮೆಟ್ಟಿಲಿಗೆ ಕಾಲಿಡುವ ಆ ಒಂದು ಹೆಜ್ಜೆಯಲ್ಲಿ.

ಗುಂಬಜ್ ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ್ದು, 1782ರಿಂದ 84ರ ನಡುವೆ. ಅಲ್ಲಿ ಹತ್ತು ನಿಮಿಷ ದಣಿವಾರಿಸಿಕೊಂಡು ಸಂಗಮಕ್ಕೆ ನಡೆಯಿರಿ. ಕವಲಾದ ಎರಡು ಹೊಳೆ ಅಲ್ಲಿ ಕೂಡುತ್ತವೆ.

ಸಂಗಮದಲ್ಲಿ ಮುಳುಗಿ ಸಾಯುವವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಹೊಳೆಯ ಮೇಲುಗಡೆಯ ಬಲಮುರಿ, ಎಡಮುರಿಯಲ್ಲೂ ಹಾಗೇ. ಸತ್ತವರಲ್ಲಿ ಈಜು ಬರುತ್ತಿದ್ದವರೂ ಇದ್ದಾರೆ, ಆದ್ದರಿಂದ ಕಾರಣ ತಿಳಿದಿರುವುದು ಒಳ್ಳೆಯದು. ಈ ಹೊಳೆಯ ತಳ ಮರಳಲ್ಲ, ಬಂಡೆ. ಬಂಡೆ ಬಂಡೆಗಳ ನಡುವೆ ನೀರು ಕೊರೆದ ಮಡುಗಳಿರುತ್ತವೆ. ಮೊಣಕಾಲಿನ ನೀರಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳು ಆಳ. ಮೇಲೆ ನೋಡಿದರೆ ಅಲುಗದ ನೀರು, ಅಡಿಯಲ್ಲಿ ಎರಡು ಕವಲಿನ ಸೆಳೆತ ಸೇರಿ ಸುಳಿ. ಒಡ್ಡುಗಳ ಕೆಳಗೆ ಇನ್ನೂ ಕೆಟ್ಟದ್ದು: ಮೇಲಿಂದ ಬಿದ್ದ ನೀರು ತಿರುಗಿ ಒಡ್ಡಿನ ಕಡೆಗೇ ಎಳೆಯುತ್ತದೆ, ಅದರಲ್ಲಿ ಸಿಕ್ಕವರು ಎಷ್ಟು ಕೈಬಡಿದರೂ ಮುಂದೆ ಸಾಗುವುದಿಲ್ಲ. ಒಬ್ಬರನ್ನು ಉಳಿಸಲು ಹೋಗಿ ಮೂವರು ಸಾಯುವುದು ಇದರಿಂದಲೇ. ಯಾರಾದರೂ ಮುಳುಗುತ್ತಿದ್ದರೆ ಇಳಿಯಬೇಡಿ. ಸೀರೆ, ಪಂಚೆ, ಕೋಲು, ಖಾಲಿ ಕ್ಯಾನು, ಏನು ಸಿಕ್ಕರೆ ಅದನ್ನು ಎಸೆಯಿರಿ, ಹರಿಗೋಲಿನವರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ನಡೆಯಲು ಬಂದವರು ಈ ಹೊಳೆಗೆ ಇಳಿಯುವ ಅಗತ್ಯವೇ ಇಲ್ಲ. ಕಾಲು ತಂಪು ಮಾಡಿಕೊಳ್ಳಬೇಕಾದರೆ ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಹೊಯ್ದುಕೊಳ್ಳಿ.

ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಕೊಟ್ಟವರದ್ದನ್ನೇ ಹತ್ತಿ. ಗಿರಗಿರನೆ ತಿರುಗಿಸಿ ತೋರಿಸುತ್ತೇವೆ ಎಂದರೆ ಬೇಡವೆನ್ನಿ.

ಮೂರನೇ ನಡಿಗೆ: ಪಾಲಹಳ್ಳಿ, ನಾಲೆ ಏರಿ, ರಂಗನತಿಟ್ಟು

ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಚೆಂದದ ದಾರಿ. ದಕ್ಷಿಣದ ಕವಲು ದಾಟಿ ಪಶ್ಚಿಮವಾಹಿನಿಯ ಕಡೆಯಿಂದ ಪಾಲಹಳ್ಳಿಗೆ ಬಂದು, ಅಲ್ಲಿಂದ ರಂಗನತಿಟ್ಟು. ಒಂದು ಕಡೆಗೆ ನಾಲ್ಕು ಕಿಲೋಮೀಟರ್ ಆಚೀಚೆ. ಪಶ್ಚಿಮವಾಹಿನಿ ಎಂದರೆ ಹೊಳೆ ಪಶ್ಚಿಮಕ್ಕೆ ತಿರುಗಿ ಹರಿಯುವ ಜಾಗ. ಅಲ್ಲಿ ಅಸ್ಥಿ ಬಿಡಲು ಜನ ಬರುತ್ತಾರೆ. ದುಃಖದಲ್ಲಿರುವವರ ನಡುವೆ ಕ್ಯಾಮೆರಾ ಹಿಡಿದು ನಿಲ್ಲಬೇಡಿ, ತಲೆತಗ್ಗಿಸಿ ದಾಟಿಹೋಗಿ. ಮಹಾಲಯ ಅಮಾವಾಸ್ಯೆಯಂದು ಆ ಕಡೆ ಬರಲೇಬೇಡಿ.

ಬಲದಂಡೆಯ ವಿರಿಜಾ ನಾಲೆ ಬಲಮುರಿ ಒಡ್ಡಿನಿಂದ ಹೊರಟು ಬೆಳಗೊಳ, ಪಾಲಹಳ್ಳಿ ಭಾಗಕ್ಕೆ ನೀರು ಕೊಡುವ ಹಳೆಯ ನಾಲೆ. ಹಳೆಯ ನಾಲೆಗಳಿಗೂ ಹೊಸ ನಾಲೆಗಳಿಗೂ ನಡೆಯುವವರ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುತ್ತದೆ. ಹಳೆಯವು ನೆಲದ ಏರುತಗ್ಗನ್ನು ಅನುಸರಿಸಿ ಬಳುಕಿಕೊಂಡು ಹೋಗುತ್ತವೆ, ಹಾಗಾಗಿ ಏರಿಯ ಮೇಲೆ ನಡೆದರೆ ಹತ್ತಿಳಿಯುವುದೇ ಇಲ್ಲ. ಒಂದು ಬದಿ ನಾಲೆಗಿಂತ ಎತ್ತರದ ನೆಲ, ಅಲ್ಲಿ ರಾಗಿ, ಹುರುಳಿ. ಇನ್ನೊಂದು ಬದಿ ತಗ್ಗು, ಅಲ್ಲಿ ಭತ್ತ, ಕಬ್ಬು. ಒಂದೇ ಏರಿಯ ಎಡಬಲದಲ್ಲಿ ಎರಡು ಬೇಸಾಯ. ದಾರಿ ತಪ್ಪಿದರೆ ಹಸಿರು ಯಾವ ಕಡೆ ಇದೆಯೋ ಆ ಕಡೆ ಹೊಳೆ ಎಂದು ತಿಳಿಯಿರಿ.

ನಾಲೆಯ ಅಂಚಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಂಕ್ರೀಟ್ ಹಾಕಿದ ನಾಲೆಗೆ ಬಿದ್ದವರು ಹತ್ತಿ ಬರಲಾರರು. ಇಳಿಜಾರಿನ ಗೋಡೆಗೆ ಪಾಚಿ ಹಿಡಿದಿರುತ್ತದೆ, ಹಿಡಿಯಲು ಹುಲ್ಲುಕಡ್ಡಿಯೂ ಇರುವುದಿಲ್ಲ, ನೀರು ಸದಾ ಓಡುತ್ತಿರುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಬಿದ್ದು 30 ಜನ ಸತ್ತರು, ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ತಡೆಗೋಡೆ ಇಲ್ಲದ ಏರಿಗಳು ಈಗಲೂ ಇವೆ. ಮಕ್ಕಳನ್ನು ಗದ್ದೆಯ ಬದಿಗೆ ನಡೆಸಿ, ನೀರಿನ ಬದಿಗೆ ದೊಡ್ಡವರಿರಿ. ಟ್ರ್ಯಾಕ್ಟರ್ ಅಥವಾ ಕಬ್ಬಿನ ಗಾಡಿ ಬಂದರೆ ಗದ್ದೆಯ ಕಡೆಗೇ ಇಳಿದು ನಿಲ್ಲಿ, ನೀರಿನ ಕಡೆ ಸರಿಯಬೇಡಿ. ಬಿದ್ದರೆ ಎದುರಿಗೆ ಈಜದೆ ನೀರಿನ ಜೊತೆಗೇ ತೇಲುತ್ತಾ ಮುಂದಿನ ಸೋಪಾನ ಅಥವಾ ಸೇತುವೆಯ ಕಡೆಗೆ ಓರೆಯಾಗಿ ಸರಿಯಬೇಕು. ಬಟ್ಟೆ ಒಗೆಯಲು ಕಟ್ಟಿದ ಸೋಪಾನಗಳು ಊರಿದ್ದಲ್ಲೆಲ್ಲ ಇರುತ್ತವೆ. ಅವು ಎಲ್ಲೆಲ್ಲಿವೆ ಎಂದು ಹೋಗುವಾಗಲೇ ಗಮನಿಸಿಕೊಳ್ಳಿ.

ಕಬ್ಬಿನ ಗದ್ದೆ ಎಂದರೆ ಚಿರತೆ ಇರಬಹುದಾದ ಜಾಗ. ಮಂಡ್ಯ, ಮೈಸೂರು ಕಡೆ ಅವು ಕಬ್ಬಿನೊಳಗೇ ಮರಿ ಹಾಕುತ್ತವೆ, ನಾಯಿ ಮೇಕೆಗಾಗಿ ಊರಂಚಿಗೆ ಬರುತ್ತವೆ. ಬೆಳಕು ಹರಿಯುವ ಮುಂಚೆ, ಸಂಜೆ ಆರರ ನಂತರ ಕಬ್ಬಿನ ನಡುವಿನ ದಾರಿ ಬೇಡ. ಒಬ್ಬರೇ ಹೋಗಬೇಡಿ, ಮಾತಾಡುತ್ತಾ ನಡೆಯಿರಿ, ಕೋಲು ನೆಲಕ್ಕೆ ಕುಟ್ಟುತ್ತಿರಿ. ನಾಯಿಯನ್ನು ಜೊತೆಗೆ ತರಬೇಡಿ. ಕೂರುವುದು, ಬಗ್ಗುವುದು ಬಯಲಿನಲ್ಲಿ ಮಾತ್ರ: ಬಗ್ಗಿದ ಮನುಷ್ಯ ಅದಕ್ಕೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ. ಎದುರಾದರೆ ಓಡಬೇಡಿ, ಮೈ ದೊಡ್ಡದಾಗಿ ಕಾಣುವಂತೆ ಕೈಯೆತ್ತಿ, ಮುಖ ಅದರ ಕಡೆಗೇ ಇಟ್ಟು ಹಿಂದೆ ಸರಿಯಿರಿ.

ಕಾಡುಹಂದಿಗೆಂದು ಕೆಲವರು ಗದ್ದೆಗೆ ತಂತಿ ಬಿಗಿದಿರುತ್ತಾರೆ. ಅದು ಸೋಲಾರ್ ತಂತಿಯೋ ಕಂಬದಿಂದ ನೇರವಾಗಿ ಎಳೆದ ಕರೆಂಟೋ ನೋಡಿ ಹೇಳಲಾಗದು. ಎರಡನೆಯದು ಕಾನೂನಿಗೆ ವಿರುದ್ಧ, ಮುಟ್ಟಿದರೆ ಜೀವ ಉಳಿಯುವುದಿಲ್ಲ. ಯಾವ ತಂತಿಯನ್ನೂ ದಾಟಬೇಡಿ, ಎತ್ತಬೇಡಿ. ಪಂಪ್‌ಸೆಟ್ಟಿನ ವೈರುಗಳು ಬದುವಿನ ಹುಲ್ಲಿನಲ್ಲಿ ಬಿದ್ದಿರುತ್ತವೆ, ಒದ್ದೆ ನೆಲದಲ್ಲಿ ಅವುಗಳಿಂದಲೂ ದೂರವಿರಿ.

ಹಾವು ಹೆಚ್ಚಾಗಿ ಕಾಣುವುದು ಕೊಯ್ಲಿನ ಕಾಲದಲ್ಲಿ, ಇಲಿಯ ಹಿಂದೆ ಬರುತ್ತವೆ. ನಾಗರಹಾವು ಸದ್ದಿಗೆ ಸರಿಯುತ್ತದೆ, ಕೊಳಕುಮಂಡಲ ಸರಿಯುವುದಿಲ್ಲ, ಒಣ ಎಲೆಯ ಬಣ್ಣದಲ್ಲಿ ಮಲಗಿದ್ದಲ್ಲೇ ಇರುತ್ತದೆ. ಅದಕ್ಕೇ ಕಾಣದ ಕಡೆ ಕಾಲಿಡಬಾರದು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಔಷಧಿಗೆ ಅಲೆಯುವುದು ಯಾವುದೂ ಬೇಡ. ಉಂಗುರ, ಬಳೆ, ಶೂ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ 108 ಕರೆದು ಆಸ್ಪತ್ರೆಗೆ ಸೇರಿಸಿ. ಪ್ರತಿವಿಷ ಇದೆಯೇ ಎಂದು ದಾರಿಯಲ್ಲೇ ಫೋನ್ ಮಾಡಿ ಕೇಳಿಸಿ.

ಬದು ದಾಟಲೇಬೇಕಾದಾಗ ಅದು ಹಳೆಯ ಬದುವೋ ಹೊಸದಾಗಿ ಕಟ್ಟಿದ್ದೋ ನೋಡಿ. ನಾಟಿಗೆ ಮುಂಚೆ ಬದುವಿಗೆ ಕೆಸರು ಮೆತ್ತಿ ನುಣ್ಣಗೆ ಸವರುತ್ತಾರೆ. ಅದು ಒಣಗುವ ಮೊದಲು ತುಳಿದರೆ ಹೆಜ್ಜೆಯ ಗುಂಡಿಯಿಂದ ನೀರು ಸೋರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಒಂದು ಮಡಿಯ ನೀರೆಲ್ಲ ಕೆಳಗಿನ ಗದ್ದೆಗೆ ಇಳಿದಿರುತ್ತದೆ. ನಾಲೆಯ ನೀರು ಸರದಿಯ ಮೇಲೆ ಬರುವುದು, ಹೋದ ನೀರಿಗೆ ಮುಂದಿನ ಸರದಿಯವರೆಗೆ ಕಾಯಬೇಕು. ಹುಲ್ಲು ಬೆಳೆದ ಬದುವಿನ ಮೇಲೆ ಮಾತ್ರ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನೀರು ಹಾಯಿಸಲು ಬಿಟ್ಟ ಮಡೆಯ ಕಲ್ಲು, ಮಣ್ಣು ಅಲುಗಿಸಬೇಡಿ. ಡಿಸೆಂಬರಿನಲ್ಲಿ ರಸ್ತೆಯ ಮೇಲೆ ಹರಡಿದ ಭತ್ತ, ರಾಗಿಯನ್ನೂ ತುಳಿಯದೆ ಅಂಚಿನಲ್ಲಿ ಹೋಗಿ. ಆಲೆಮನೆಯ ಹೊಗೆ ಕಂಡರೆ ಹೋಗಿ ಕೇಳಿ, ಬಿಸಿ ಬೆಲ್ಲ ಕೈಗಿಡದೆ ಕಳಿಸುವವರು ಕಡಿಮೆ. ಕೊಪ್ಪರಿಗೆಯ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ.

ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದದ್ದು 1640ರ ದಶಕದಲ್ಲಿ ಹೊಳೆಗೆ ಕಟ್ಟಿದ ಒಡ್ಡಿನಿಂದ. ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಬೇಲಿಯೊಳಗಿನ ದಂಡೆಯಲ್ಲಿ ನಡೆದರೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ನೀರುಕಾಗೆ ಕಾಣುತ್ತವೆ. ಬೆಳಗಿನ ಮೊದಲ ದೋಣಿ ಹಿಡಿದರೆ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ ಹತ್ತಿರದಿಂದ ಸಿಗುತ್ತದೆ. ಹೊಳೆಗೆ ನೀರು ಹೆಚ್ಚು ಬಿಟ್ಟ ದಿನಗಳಲ್ಲಿ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಕೇಳಿಕೊಳ್ಳಿ. ಮೊಸಳೆಗಳಿಗೆ ಬೇಲಿಯ ಗಡಿ ಇಲ್ಲ. ಧಾಮದ ಹೊರಗಿನ ದಂಡೆಯಲ್ಲೂ ನೀರಿನಿಂದ ಐದಾರು ಮಾರು ದೂರವೇ ನಡೆಯಿರಿ, ಜೊಂಡು ಬೆಳೆದ ಕಡೆ ಇನ್ನೂ ದೂರ.

ಕರೀಘಟ್ಟ

ಹೊಳೆ ತುಂಬಿದ ದಿನಗಳಿಗೆಂದು ಉಳಿಸಿಕೊಳ್ಳಬೇಕಾದ ನಡಿಗೆ ಇದು. ಉತ್ತರದ ಕವಲು ದಾಟಿ ಬೆಂಗಳೂರಿನ ಕಡೆಗೆ ಸ್ವಲ್ಪ ಹೋಗಿ ಬಲಕ್ಕೆ ತಿರುಗಬೇಕು. ಬೆಟ್ಟದ ಬುಡದಲ್ಲಿ ಲೋಕಪಾವನಿ ಹರಿದು ಕಾವೇರಿಗೆ ಸೇರುತ್ತದೆ. ಹತ್ತಲು 450ರಷ್ಟು ಮೆಟ್ಟಿಲುಗಳಿವೆ, ಸುತ್ತಿಕೊಂಡು ಹೋಗುವ ರಸ್ತೆಯೂ ಇದೆ. ಮೆಟ್ಟಿಲಲ್ಲಿ ಹತ್ತಿ ರಸ್ತೆಯಲ್ಲಿ ಇಳಿಯಿರಿ. ಮಳೆಗೆ ನೆನೆದ ಕಲ್ಲಿನ ಮೇಲೆ ಇಳಿಯುವುದು ಮಂಡಿಗೂ ಕಷ್ಟ, ಜಾರುವ ಭಯವೂ ಇಳಿಯುವಾಗಲೇ ಹೆಚ್ಚು. ಮೇಲೆ ವೈಕುಂಠ ಶ್ರೀನಿವಾಸನ ಗುಡಿ. ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿಯದೆ ಎಲ್ಲವನ್ನೂ ಬ್ಯಾಗಿನೊಳಗೆ ಹಾಕಿ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು, ಬೆಂಕಿಕಡ್ಡಿ ಒಯ್ಯಲೇಬೇಡಿ.

ಗುಡಿಯ ಮುಂದಿನ ಕಟ್ಟೆಯಿಂದ ಪಶ್ಚಿಮಕ್ಕೆ ನೋಡಿದರೆ ಇಡೀ ದ್ವೀಪ ನಕ್ಷೆಯಂತೆ ಬಿಚ್ಚಿಕೊಳ್ಳುತ್ತದೆ: ದೂರದಲ್ಲಿ ರಂಗನಾಥನ ಗೋಪುರ, ಮಸೀದಿಯ ಎರಡು ಮಿನಾರು, ಈಚೆಗೆ ಗಂಜಾಮಿನ ತೆಂಗು, ಎರಡು ಕಡೆ ಹೊಳೆ. ಮಿಕ್ಕ ಮೂರು ನಡಿಗೆಗಳ ದಾರಿಯನ್ನು ಇಲ್ಲಿ ನಿಂತೇ ಗುರುತಿಸಿಕೊಳ್ಳಬಹುದು, ಆದ್ದರಿಂದ ಹೊಸಬರು ಕರೀಘಟ್ಟದಿಂದಲೇ ಆರಂಭಿಸಿದರೂ ಸರಿಯೇ. ಸೂರ್ಯ ಮುಳುಗುವುದನ್ನು ನೋಡಿ ಇಳಿಯಬೇಕೆಂಬ ಆಸೆಗೆ ಒಂದು ಮಿತಿ ಇಟ್ಟುಕೊಳ್ಳಿ. ಇದು ಕೂಡ ಚಿರತೆ ಓಡಾಡುವ ಬೆಟ್ಟ, ಕೆಳಗೆ ಆಟೋ ತಾನಾಗಿ ಸಿಗುವುದಿಲ್ಲ. ಹತ್ತುವ ಮುಂಚೆಯೇ ಆಟೋದವರ ನಂಬರ್ ತೆಗೆದುಕೊಂಡು, ಐದೂವರೆಗೆ ಬುಡದಲ್ಲಿರಲು ಹೇಳಿಟ್ಟು ಹತ್ತಿ.